ಹಳೆಯ ಪಿಕಪ್ ಟ್ರಕ್ಕಿಗೆ ಹೊಸ ತಳ: ಎಷ್ಟು ದಪ್ಪದ ತಗಡು ಬೇಕು?

ಪ್ರಶ್ನೆ: ಟೆಕ್ಸಾಸ್‌ನಲ್ಲಿ ನೆಲೆಸಿರುವ ನಾನು 1951ರ ಷೆವ್ರೊಲೆ 3100 ಪಿಕಪ್ ಟ್ರಕ್ಕೊಂದನ್ನು ನನ್ನ ಇಷ್ಟದಂತೆ ಮರುನಿರ್ಮಿಸುತ್ತಿದ್ದೇನೆ. ಮೊದಲಿಗಿಂತ ದೊಡ್ಡದಾದ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೂರಿಸಿದ್ದರಿಂದ ಕ್ಯಾಬಿನ್ನಿನ ತಳ ಈಗ ಹೊಂದುತ್ತಿಲ್ಲ; ಮೂಲೆಗಳನ್ನು ತುಕ್ಕೂ ತಿಂದಿದೆ. ಇಡೀ ತಳವನ್ನು 3 ಮಿ.ಮೀ. ಉಕ್ಕಿನ ತಗಡಿನಿಂದ ಹೊಸದಾಗಿ ಮಾಡಬಹುದೇ?

ಉತ್ತರ: 3 ಮಿ.ಮೀ. ಖಂಡಿತ ಬೇಡ. ಅದು ಚದರ ಮೀಟರಿಗೆ ಸುಮಾರು 23.5 ಕೆ.ಜಿ. ತೂಗುತ್ತದೆ, 1.2 ಮಿ.ಮೀ. ತಗಡಾದರೆ 9.4 ಕೆ.ಜಿ. ಮಾತ್ರ. ತೂಕಕ್ಕಿಂತಲೂ ದೊಡ್ಡ ತೊಡಕೆಂದರೆ, ದಪ್ಪ ತಗಡು ಕರಗುವಷ್ಟು ಶಾಖ ಕೊಟ್ಟರೆ ಅದಕ್ಕೆ ತಾಗಿರುವ ಕ್ಯಾಬಿನ್ನಿನ ತೆಳು ತಗಡಿಗೆ ತೂತು ಬೀಳುತ್ತದೆ. ತಳಕ್ಕೆ ಬಿಗಿತ ಬರಬೇಕಾದದ್ದು ದಪ್ಪಕ್ಕಿಂತ ಹೆಚ್ಚಾಗಿ ಆಕಾರದಿಂದ. 1.2 ಮಿ.ಮೀ. ಸಿಆರ್ (ಕಾಯಿಸದೆ ಉರುಳೆಗಳ ನಡುವೆ ಒತ್ತಿ ತೆಳುಮಾಡಿದ ಉಕ್ಕಿನ) ತಗಡಿಗೆ ಬೀಡ್ ರೋಲರ್‌ನಿಂದ ಉಬ್ಬುಗೆರೆಗಳನ್ನು ಒತ್ತಿ ಅಂಚುಗಳನ್ನು ಮಡಿಸಿದರೆ, ಕಾಲಿಟ್ಟಾಗ ಡಬಡಬ ಎನ್ನುವ ಸಪಾಟು ತಗಡು ಅಲುಗದೆ ನಿಲ್ಲುತ್ತದೆ.

ಆದರೆ ತಗಡಿನ ಕೆಲಸ ಆಮೇಲಿನದು. ಬಾಗಿಲ ಕಂಬಗಳನ್ನು ಅವುಗಳ ಜಾಗದಲ್ಲಿ ಹಿಡಿದಿಡುವುದರಲ್ಲಿ ತಳದ ಪಾಲು ದೊಡ್ಡದು. ಅದನ್ನು ಕತ್ತರಿಸಿದೊಡನೆ ಕ್ಯಾಬಿನ್ ಕಣ್ಣಿಗೆ ಕಾಣದಷ್ಟು ಸರಿದು, ಹೊಸ ತಳ ಬೆಸೆದ ಮೇಲೆ ಬಾಗಿಲು ಮುಚ್ಚದಂತಾಗಬಹುದು. ಆದ್ದರಿಂದ ಕ್ಯಾಬಿನ್ನನ್ನು ಚಾಸಿಸ್‌ಗೆ ಬೋಲ್ಟ್ ಮಾಡಿದ ಸ್ಥಿತಿಯಲ್ಲೇ ಬಾಗಿಲ ಸಂದುಗಳನ್ನು ಅಳೆದು ಬರೆದಿಟ್ಟು, ಬಾಗಿಲ ಕಂಬಗಳ ನಡುವೆ ಚೌಕ ಪೈಪುಗಳನ್ನು ಅಡ್ಡಲಾಗಿಯೂ ಕರ್ಣರೇಖೆಯಲ್ಲಿಯೂ ಬೆಸೆದು, ಒಂದು ಬದಿಯ ತಳ ಮುಗಿದ ಮೇಲಷ್ಟೇ ಇನ್ನೊಂದು ಬದಿಯನ್ನು ಕತ್ತರಿಸಿ. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು: 1949ರಿಂದ ಈ ಮಾದರಿಯಲ್ಲಿ ಪೆಟ್ರೋಲ್ ಟ್ಯಾಂಕ್ ಇರುವುದು ಕ್ಯಾಬಿನ್ನಿನೊಳಗೆ, ಸೀಟಿನ ಹಿಂದೆಯೇ. ಖಾಲಿ ಟ್ಯಾಂಕಿನ ಆವಿಯೂ ಸಿಡಿಯಬಲ್ಲುದಾದ್ದರಿಂದ, ಅದನ್ನು ಕಳಚಿ ದೂರ ಸಾಗಿಸದೆ ಗ್ರೈಂಡರನ್ನು ಕೈಗೆತ್ತಿಕೊಳ್ಳಬೇಡಿ.

ಗೇರ್‌ಬಾಕ್ಸಿನ ಮೇಲಿನ ದಿಣ್ಣೆಯನ್ನು ಮೊದಲು ರಟ್ಟಿನಲ್ಲಿ ಮಾಡಿ ನೋಡಿ. ಎಳೆತ ಬಿದ್ದಾಗ ಎಂಜಿನ್ ಮತ್ತು ಗೇರ್‌ಬಾಕ್ಸ್ ಎರಡೂ ರಬ್ಬರ್ ಆಸರೆಗಳ ಮೇಲೆ ಹೊರಳುವುದರಿಂದ ಸುತ್ತಲೂ ಸುಮಾರು 25 ಮಿ.ಮೀ. ತೆರವಿರಲಿ. ಹಳೆಯ ತಳದಲ್ಲಿದ್ದಂತೆ ಈ ಭಾಗವನ್ನು ಬೋಲ್ಟ್ ಬಿಚ್ಚಿ ತೆಗೆಯುವಂತೆ ಮಾಡುವುದೇ ಲೇಸೆಂಬುದು ನನ್ನ ಅಭಿಪ್ರಾಯ. ಬ್ರೇಕಿನ ಮಾಸ್ಟರ್ ಸಿಲಿಂಡರ್ ಮೂಲದಂತೆ ತಳದ ಕೆಳಗೇ ಉಳಿದಿದ್ದರೆ, ಬ್ರೇಕ್ ದ್ರವ ತುಂಬಲು ಅದರ ಮೇಲೂ ಒಂದು ಮುಚ್ಚಳ ಬೇಕಾಗುತ್ತದೆ.

ಬೆಸುಗೆಗೆ ಮಿಗ್ ಯಂತ್ರ (ತಂತಿಯನ್ನು ತಾನೇ ಉಣಿಸುತ್ತ ಬೆಸೆಯುವಂಥದು), 0.6 ಮಿ.ಮೀ. ತಂತಿ ಸಾಕು. ಒಂದೇ ಗೆರೆಯಾಗಿ ಎಳೆಯದೆ, ದೂರದೂರದಲ್ಲಿ ಚುಕ್ಕಿಗಳನ್ನಿಟ್ಟು, ತಗಡು ತಣಿಯಲು ಬಿಟ್ಟು, ನಡುವಿನ ಜಾಗ ತುಂಬುತ್ತ ಹೋಗಿ. ಅವಸರಪಟ್ಟರೆ ತಗಡು ಸೊಟ್ಟಗಾಗುತ್ತದೆ. ತಗಡುಗಳು ಒಂದರ ಮೇಲೊಂದು ಬರುವ ಕಡೆ ನೀರು ನಿಂತು ತುಕ್ಕು ಮರಳುವುದರಿಂದ, ಅಲ್ಲಿ ಮೊದಲೇ ಸತುವಿನ ಪ್ರೈಮರ್ ಹಚ್ಚಿ, ಬೆಸೆದ ಬಳಿಕ ಎಪಾಕ್ಸಿ ಪ್ರೈಮರ್ ಬಳಿದು, ಸಂದುಗಳಿಗೆ ಸೀಲರ್ ತುಂಬಿ.

ನೀವು ಸೀಟ್ ಬೆಲ್ಟ್ ಹಾಕುವುದಾದರೆ, ಅದರ ಬೋಲ್ಟನ್ನು ತಳದ ತಗಡಿಗಷ್ಟೇ ಬಿಗಿಯಬೇಡಿ. ಅಪಘಾತದ ಎಳೆತಕ್ಕೆ ಅದು ಹರಿದುಬರುತ್ತದೆ. ನಿಮ್ಮ 3 ಮಿ.ಮೀ. ಉಕ್ಕಿಗೆ ತಕ್ಕ ಜಾಗ ಅದೇ: ಅಂಗೈಯಗಲದ ತುಂಡುಗಳನ್ನು ಕತ್ತರಿಸಿ, ಮೂಲೆಗಳನ್ನು ದುಂಡಗೆ ಉಜ್ಜಿ, ಬೋಲ್ಟ್ ಬರುವ ಪ್ರತಿ ಜಾಗದಲ್ಲೂ ತಳದ ಅಡಿಯಿಂದ ಬೆಸೆಯಿರಿ.