ಹಳೇ ಯೆಜ್ಡಿ ನೋಡ್ಕೊಳ್ತಿದ್ದ ಯಜಮಾನ್ರು ಅಂಗಡಿ ಮುಚ್ತಿದಾರೆ, ಗಾಡಿ ಮಾರ್ಬಿಡ್ಲಾ?

ನಿಮ್ಮ ಪ್ರಶ್ನೆ ಓದ್ದೆ. ತಂದೆಯವರು ಓಡಿಸ್ತಿದ್ದ 84ರ ಯೆಜ್ಡಿ ಬೈಕು, ಅದನ್ನ ಮೊದಲಿಂದ ನೋಡ್ಕೊಂಡ್ ಬಂದಿರೋ ಮೆಕ್ಯಾನಿಕ್ ಯಜಮಾನ್ರು ಬರೋ ತಿಂಗಳು ಅಂಗಡಿ ಮುಚ್ಚಿ ರಿಟೈರ್ ಆಗ್ತಾರಂತೆ, ಅವರ ಹತ್ರ ಇರೋ ಸ್ಪೇರ್ಸ್ ಎಲ್ಲಾ ತಗೊಂಡ್ ಇಟ್ಕೊಳ್ಲಾ ಇಲ್ಲಾ ಗಾಡೀನೇ ಮಾರ್ಬಿಡ್ಲಾ, ಹೊಸ ಯೆಜ್ಡಿ ಶೋರೂಮ್‌ನೋರು ಏನಾದ್ರೂ ಮಾಡ್ಕೊಡ್ತಾರಾ, ವಿಂಟೇಜ್ ನಂಬರ್ ಸಿಗುತ್ತಾ ಅಂತೆಲ್ಲಾ ಕೇಳಿದೀರ. ಮಾರ್ಬೇಡಿ. ಸ್ಪೇರ್ಸ್‌ಗೂ ಸುಮ್ನೆ ದುಡ್ಡು ಸುರೀಬೇಡಿ. ಶಟರ್ ಎಳೆಯೋ ಮುಂಚೆ ಆ ಮನುಷ್ಯನ ಹತ್ರ ಕೇಳಿ ತಗೋಬೇಕಾಗಿರೋದು ಬೇರೇನೇ ಇದೆ.

ನಾನು ಮೆಕ್ಯಾನಿಕ್ ಅಲ್ಲ. ಕಾಮಾಕ್ಷಿಪಾಳ್ಯದಲ್ಲಿ ಲೇತ್ ಇಟ್ಕೊಂಡಿದೀನಿ, ಸಿಲಿಂಡರ್ ಬೋರಿಂಗು (ಸವೆದ ಸಿಲಿಂಡರ್ ಒಳಗೋಡೆ ಕೊರ್ದು ಸರಿ ಮಾಡೋದು), ಕ್ರ್ಯಾಂಕ್ ಅಂದ್ರೆ ಪಿಸ್ಟನ್ ಏರಿಳಿತಾನ ತಿರುಗಾಟ ಮಾಡೋ ಶಾಫ್ಟು, ಅದನ್ನ ಪ್ರೆಸ್‌ನಲ್ಲಿ ಬಿಚ್ಚಿ ಕೂರಿಸೋ ಕೆಲಸ. ಲಾಲ್‌ಬಾಗ್ ರೋಡ್ ಕಡೆ ಒಂದು ಗಲ್ಲಿಯಲ್ಲಿ ಒಬ್ರು ಯಜಮಾನ್ರಿದ್ರು, ಜಾವಾ, ಯೆಜ್ಡಿ, ಕಾಸ್ಟ್ ಐರನ್ ಬುಲೆಟ್ಟು, ಅಪರೂಪಕ್ಕೊಂದು ರಾಜ್‌ದೂತು, ಅವರ ಅಂಗಡಿ ಎಂಜಿನ್ ಕೆಲಸ ಎಲ್ಲಾ ನನ್ನ ಹತ್ರಾನೇ ಬರ್ತಿತ್ತು, ಸಿಲಿಂಡರ್‌ನ ಬಟ್ಟೆ ಚೀಲದಲ್ಲಿ ಹಾಕ್ಕೊಂಡು ಕಲಾಸಿಪಾಳ್ಯದಿಂದ ಬಸ್ ಹತ್ತಿ ಬರೋರು. ಅವರು ಅಂಗಡಿ ಮುಚ್ಚಿದ್ದನ್ನ ಪಕ್ಕದಲ್ಲೇ ನಿಂತು ನೋಡಿದೀನಿ, ಅದಕ್ಕೇ ಇಷ್ಟುದ್ದ ಬರೀತಿರೋದು.

ಮೊದಲು ಶೋರೂಮ್ ವಿಷಯ ಮುಗಿಸ್ಬಿಡ್ತೀನಿ. ನಿಮ್ಮ ಗಾಡಿ ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿದು, ಯಾದವಗಿರಿಯಲ್ಲಿತ್ತು, 1961ರಿಂದ ಗಾಡಿ ಮಾಡ್ತಿದ್ರು, 1996ಕ್ಕೆ ಬಾಗಿಲು ಹಾಕ್ತು. ಈಗಿರೋ ಜಾವಾ 2018ರಲ್ಲಿ ಬಂದಿದ್ದು, ಯೆಜ್ಡಿ 2022ರಲ್ಲಿ, ಹೆಸರು ಅದೇ ಆದ್ರೂ ಎಂಜಿನ್ ಪೂರ್ತಿ ಬೇರೆ, ಅದು ಫೋರ್ ಸ್ಟ್ರೋಕು, ಲಿಕ್ವಿಡ್ ಕೂಲಿಂಗು. ನಿಮ್ಮದು ಟೂ ಸ್ಟ್ರೋಕು, ಬೋರ್ ಅಂದ್ರೆ ಸಿಲಿಂಡರ್ ಅಗಲ 65 ಮಿಲಿಮೀಟರ್, ಸ್ಟ್ರೋಕ್ ಅಂದ್ರೆ ಪಿಸ್ಟನ್ ಓಡಾಟ 75, ಒಂದೇ ಸಿಲಿಂಡರ್‌ಗೆ ಎರಡು ಸೈಲೆನ್ಸರ್. ಅದರ ಪಾರ್ಟು ಇದಕ್ಕೆ ಕೂರಲ್ಲ, ಅಲ್ಲಿನ ಹುಡುಗರಿಗೆ ಇದನ್ನ ಬಿಚ್ಚಿ ಅಭ್ಯಾಸಾನೂ ಇರಲ್ಲ. ಅವರ ತಪ್ಪೇನೂ ಇಲ್ಲ.

ಈಗ ಮೇನ್ ವಿಷಯ. ಹಳೇ ಬೈಕ್ ಅಂಗಡಿ ಅಂದ್ರೆ ಒಬ್ಬ ಮೆಕ್ಯಾನಿಕ್ಕು, ಎರಡು ರ‍್ಯಾಕು ಪಾರ್ಟ್ಸು ಅಂತ ಕಸ್ಟಮರ್ಸ್ ಅಂದ್ಕೊಂಡಿರ್ತಾರೆ. ಗಾಡಿ ಅವರಲ್ಲಿಗೆ ಕೊಟ್ಟು ಅವರಿಂದ ತಗೊಳ್ತೀರಲ್ಲ, ಹಂಗಾಗಿ ಹಿಂದೆ ಇರೋ ಜನ ಕಾಣಲ್ಲ. ಬೋರಿಂಗ್ ಒಬ್ಬನ ಹತ್ರ, ಟ್ಯಾಂಕ್ ಡೆಂಟ್ ಎತ್ತೋದು ಇನ್ನೊಬ್ಬ ಟಿಂಕರ್ ಹತ್ರ, ಕ್ರೋಮ್ ಎಲ್ಲೋ, ಸೀಟ್ ಹೊಲಿಯೋನು ಇನ್ನೆಲ್ಲೋ, ಮಡ್‌ಗಾರ್ಡ್ ಮೇಲೆ ಬ್ರಷ್ಷಲ್ಲಿ ಗೋಲ್ಡ್ ಲೈನ್ ಎಳೆಯೋನು ಊರಲ್ಲಿ ಬೆರಳೆಣಿಕೆ ಜನ, ಅವನಿಗೆ ಮೊಬೈಲ್ ಮಾಡಿದ್ರೆ ಎತ್ತಲ್ಲ, ಬೆಳಗ್ಗೆ ಟೀ ಅಂಗಡಿ ಹತ್ರಾನೇ ಹಿಡೀಬೇಕು. ಇದೆಲ್ಲಾ ಯಜಮಾನ್ರ ತಲೇಲಿ ಇರುತ್ತೆ. ಅಂಗಡಿ ಮುಚ್ಚಿದ್ರೂ ನಾವೆಲ್ಲಾ ಇದ್ದಲ್ಲೇ ಇರ್ತೀವಿ, ಆದ್ರೆ ನಿಮಗೆ ನಾವು ಯಾರು ಅಂತ ಗೊತ್ತಿರಲ್ಲ, ನಮಗೆ ನಿಮ್ಮ ಗಾಡಿ ಗೊತ್ತಿರಲ್ಲ.

ಆಮೇಲೆ ಇನ್ನೊಂದು, ಯಾವುದನ್ನ ಮುಟ್ಟಬಾರದು ಅನ್ನೋದು. ನಮ್ಮ ಯಜಮಾನ್ರು ಕ್ರ್ಯಾಂಕ್ ಸೆಟ್ ನೋಡ್ತಿದ್ದ ರೀತಿ ಹೇಳ್ತೀನಿ. ಸೆಟ್‌ನ ಬೆಂಚ್ ಮೇಲೆ ಇಟ್ಟು, ಪಿಸ್ಟನ್‌ನ ಕ್ರ್ಯಾಂಕ್‌ಗೆ ಸೇರಿಸೋ ಕನೆಕ್ಟಿಂಗ್ ರಾಡನ್ನ ನೆಟ್ಟಗೆ ಮೇಲಕ್ಕೆ ಹಿಡ್ದು, ಎಣ್ಣೆ ಎಲ್ಲಾ ಪೆಟ್ರೋಲಲ್ಲಿ ತೊಳ್ದು ಒಣಗ್ಸಿದ್ಮೇಲೇನೇ, ಎರಡು ಬೆರಳಲ್ಲಿ ಮೇಲೆ ಕೆಳಗೆ ಎಳೆಯೋರು, ಕಣ್ಣು ಬೇರೆ ಎಲ್ಲೋ ಇರೋದು. ರಾಡು ಅಕ್ಕಪಕ್ಕ ಸ್ವಲ್ಪ ಅಲ್ಲಾಡೋದು ಸಹಜ, ಅದನ್ನ ನೋಡಿ ಕ್ರ್ಯಾಂಕ್ ಹೋಗಿದೆ ಅಂತ ಹೆದರಿಸೋ ಮೆಕ್ಯಾನಿಕ್‌ಗಳು ಬೇಕಾದಷ್ಟು ಜನ ಇದಾರೆ, ಮೇಲೆ ಕೆಳಗೆ ಟಿಕ್ ಅಂದ್ರೆ ಮಾತ್ರ ಬಿಗ್ ಎಂಡ್, ಅಂದ್ರೆ ರಾಡಿನ ಕೆಳಗಿನ ದೊಡ್ಡ ತುದಿಯ ಬೇರಿಂಗ್, ಹೋಗಿದೆ ಅಂತ. ಟಿಕ್ ಅನ್ಲಿಲ್ಲ ಅಂದ್ರೆ ಕಸ್ಟಮರ್ ದುಡ್ಡು ಕೊಡ್ತೀನಿ ಅಂದ್ರೂ ಬಿಚ್ಚೋಕೆ ಬಿಡ್ತಿರ್ಲಿಲ್ಲ. ಯಾಕಂದ್ರೆ ಒಂದ್ಸಲ ಪ್ರೆಸ್‌ಗೆ ಹಾಕಿ ಪಿನ್ ಹೊರಗೆ ತೆಗೆದ್ರೆ ಹೊಸ ರಾಡ್ ಕಿಟ್ ಹಾಕಿ ಮತ್ತೆ ಒತ್ತಿ, ಎರಡೂ ಕಡೆ ಡಯಲ್ ಗೇಜ್ (ಸೊಟ್ಟ ಎಷ್ಟಿದೆ ಅಂತ ಮುಳ್ಳಲ್ಲಿ ತೋರ್ಸೋ ಅಳತೆ ಸಾಧನ) ಇಟ್ಟು ತಿರುಗಿಸ್ತಾ, ತಾಮ್ರದ ಸುತ್ತಿಗೇಲಿ ಒಂದೊಂದೇ ಏಟು ಹಾಕಿ ಟ್ರೂ ಮಾಡ್ಬೇಕು, ಅಂದ್ರೆ ಸೊಟ್ಟ ತೆಗೀಬೇಕು, ಮುಳ್ಳು 0.03 ಮಿಲಿಮೀಟರ್ ಒಳಗೆ ಬರೋ ತನಕ ಮೇಲೆ ಏಳೋ ಹಂಗಿಲ್ಲ. ನನಗೆ ಕೆಲಸ ಸಿಗೋದು ತಪ್ಪಿಸ್ತಿದ್ರಲ್ಲ ಅಂತ ಆಗ ಸಿಟ್ಟು ಬರ್ತಿತ್ತು, ಈಗ ಆ ಗಾಡಿಗಳು ಇನ್ನೂ ಅದೇ ಕ್ರ್ಯಾಂಕಲ್ಲಿ ಓಡ್ತಿವೆ.

"ಪಿಸ್ಟನ್ ತರ್ದೇ ಇರೋನಿಗೆ ಬೋರ್ ಮಾಡ್ಬೇಡ ಕಣಪ್ಪಾ" ಅಂತ ಬಂದಾಗೆಲ್ಲಾ ಹೇಳೋರು. ಸರಿಯಾದ ಮಾತೇ. ಪಿಸ್ಟನ್ ಡಬ್ಬಿ ಮೇಲೆ 0.50 ಅಂತ, ಅಂದ್ರೆ ಮೂಲ ಸೈಜ್‌ಗಿಂತ ಅರ್ಧ ಮಿಲಿಮೀಟರ್ ದೊಡ್ಡದು ಅಂತ, ಬರ್ದಿದ್ರೂ ಒಂದು ಕಂಪನಿದು ಇನ್ನೊಂದರ ಥರ ಇರಲ್ಲ, ಕೈಲಿರೋ ಪಿಸ್ಟನ್‌ನ ಮೈಕ್ರೋಮೀಟರಲ್ಲಿ ಅಳ್ದು ಅದಕ್ಕೆ ತಕ್ಕಂಗೆ ಬೋರ್ ಮಾಡ್ಬೇಕು, ಟೈಟಾದ್ರೆ ಪಿಸ್ಟನ್ ಸಿಲಿಂಡರಲ್ಲಿ ಕಚ್ಕೊಂಡು ನೈಸ್ ರೋಡಲ್ಲೇ ಸೀಜ್ ಆಗಿ ನಿಂತ್ಕೊಳ್ಳುತ್ತೆ.

ಯಾಕೆ ರಿಟೈರ್ ಆಗ್ತಾರೆ ಇವರು? ಮಗ ಐಟಿಲಿ ಇದಾನೆ, ಕೈ ಕಪ್ಪು ಮಾಡ್ಕೊಳ್ಳೋಕೆ ಇಷ್ಟ ಇಲ್ಲ ಅನ್ನೋ ಕಥೆ ಎಲ್ರೂ ಹೇಳ್ತಾರೆ, ನನಗೆ ಆ ಕಥೆ ಕೇಳಿ ಕೇಳಿ ಬೇಜಾರು. ನಮ್ಮ ಯಜಮಾನ್ರ ವಿಷಯದಲ್ಲಿ ಮಂಡಿ. ಯೆಜ್ಡಿಗೆ ಗೇರು ಕಿಕ್ಕರು ಎರಡೂ ಒಂದೇ ಲಿವರ್ ಅಲ್ವಾ, ಒಳಗೆ ಒತ್ತಿ ಎತ್ತಿದ್ರೆ ಕಿಕ್ಕರ್ ಆಗುತ್ತೆ, ಅದು ಎಡಗಡೆ. ಬುಲೆಟ್‌ದು ಬಲಗಡೆ, ಆಂಪಿಯರ್ ಮುಳ್ಳು ನೋಡ್ಕೊಂಡು ಡಿಕಂಪ್ರೆಸರ್ (ಸಿಲಿಂಡರ್ ಒಳಗಿನ ಒತ್ತಡ ಬಿಡೋ ಲಿವರ್) ಹಿಡ್ದು ಬಿಟ್ಟು ಒದೀಬೇಕು, ಕಿಡಿ ಹಾರೋ ಟೈಮಿಂಗ್ ಹೆಚ್ಚುಕಮ್ಮಿ ಇದ್ರೆ ವಾಪಸ್ ಒದೆಯುತ್ತೆ. ಹಿಂಗೆ ಎರಡೂ ಬ್ರಾಂಡು ಸೇರ್ಕೊಂಡು ಅವರ ಎರಡೂ ಮಂಡಿ ತಿಂದ್ಹಾಕಿದ್ವು. ಮಿಕ್ಕಿದ್ದು ಜಾಗದ ಲೆಕ್ಕ. ಒಂದು ಗಾಡಿ ಪೂರ್ತಿ ರೆಸ್ಟೋರ್ ಮಾಡೋಕೆ ತಿಂಗಳುಗಟ್ಲೆ ಬೇಕು, ಅಷ್ಟು ದಿನ ಅದು ನಿಂತಿರೋ ಜಾಗಕ್ಕೆ ಬೆಂಗಳೂರಲ್ಲಿ ಬಾಡಿಗೆ ಯಾರ್ ಕೊಡ್ತಾರೆ? ಕಸ್ಟಮರ್ ಕೊಡಲ್ಲ. ಬಿಚ್ಚಿಟ್ಟು ಎಸ್ಟಿಮೇಟ್ ಕೇಳಿ ಹೋದೋನು ವರ್ಷಗಟ್ಲೆ ಈ ಕಡೆ ತಲೆ ಹಾಕಲ್ಲ.

ಮುಚ್ಚೋ ಟೈಮಲ್ಲಿ ಅವರು ಮೊದಲು ಮಾಡಿದ್ದು ಹೊಸ ಎಂಜಿನ್ ಕೆಲಸ ನಿಲ್ಸಿದ್ದು, ಆಮೇಲೆ ಹಂಗೆ ಬಿಟ್ಟು ಹೋಗಿದ್ದ ಗಾಡಿಗಳವರಿಗೆಲ್ಲಾ ಫೋನ್ ಮಾಡಿ ಬೈದು ಕರೆಸಿದ್ದು. ಕ್ಲಚ್ ಪುಲ್ಲರು, ಮ್ಯಾಗ್ನೆಟ್ ಪುಲ್ಲರು, ಅವರೇ ಮಾಡಿಸ್ಕೊಂಡಿದ್ದ ಸ್ಪ್ಯಾನರುಗಳು ಜೊತೇಲಿದ್ದ ಹುಡುಗನಿಗೆ ಹೋಯ್ತು, ದುಡ್ಡು ತಗೊಳ್ಲಿಲ್ಲ. ಕೊನೇಗೆ ಗುಜರಿಯವನು ತಕ್ಕಡಿ ತಗೊಂಡ್ ಬಂದ. ಅಲ್ಯೂಮಿನಿಯಂ ಒಂದ್ಕಡೆ, ಕಬ್ಬಿಣ ಒಂದ್ಕಡೆ ರಾಶಿ ಹಾಕಿ ತೂಗ್ತಾ ಇದ್ದ. ಯಜಮಾನ್ರು ಸ್ಟೂಲ್ ಮೇಲೆ ಕೂತು ಸುಮ್ನೆ ನೋಡ್ತಿದ್ದೋರು ಇದ್ದಕ್ಕಿದ್ದಂಗೆ ಎದ್ದು ಅಲ್ಯೂಮಿನಿಯಂ ರಾಶಿಗೆ ಕೈ ಹಾಕಿ ಕ್ರ್ಯಾಂಕ್ ಕೇಸ್‌ಗಳನ್ನ, ಅಂದ್ರೆ ಕ್ರ್ಯಾಂಕ್ ಕೂರೋ ಎಂಜಿನ್ ಹೊರ ಕವಚಗಳನ್ನ, ಒಂದೊಂದೇ ಹೊರಗೆ ಎಳೆದ್ರು. ಎಡ ಬಲ ಎರಡು ಹೋಳು ಫ್ಯಾಕ್ಟರೀಲಿ ಒಟ್ಟಿಗೆ ಮಷಿನ್ ಆಗಿರುತ್ತೆ, ಒಂದು ಜೋಡಿಯ ಎಡ ಇನ್ನೊಂದು ಜೋಡಿಯ ಬಲಕ್ಕೆ ಹಾಕಿದ್ರೆ ಬೇರಿಂಗ್ ಲೈನ್ ಕೂರಲ್ಲ. ಜೋಡಿ ಜೋಡಿ ಹುಡುಕಿ ತಂತಿ ಸುತ್ತಿ ನನ್ನ ಸ್ಕೂಟರ್ ಮೇಲೆ ಇಟ್ರು, ಗುಜರಿಯವನು "ಏನ್ ಯಜಮಾನ್ರೇ ತೂಕ ಕಮ್ಮಿ ಮಾಡ್ತೀರಲ್ಲ" ಅಂತ ಗೊಣಗಿದ. ಅದು ಈಗ ನನ್ನ ಲೇತ್ ಕೆಳಗಿದೆ, ಬೇಕಾದೋರು ಬಂದು ತಗೊಂಡ್ ಹೋಗ್ತಿದಾರೆ.

ಸ್ಪೇರ್ಸ್ ತಗೊಳ್ಳೋದಾದ್ರೆ ಇದರಿಂದ್ಲೇ ಅರ್ಥ ಮಾಡ್ಕೊಳ್ಳಿ. ಹಳೇ ಸ್ಟಾಕ್ ಆಯಿಲ್ ಸೀಲು, ರಬ್ಬರ್ ಬುಷ್ಷು, ಟೈರು ಟ್ಯೂಬು, "ಫ್ಯಾಕ್ಟರಿ ಕಾಲದ ಒರಿಜಿನಲ್" ಅಂತ ಯಾರಾದ್ರೂ ಆಸೆ ಹುಟ್ಟಿಸಿದ್ರೂ ಬೇಡ, ಡಬ್ಬಿಯಲ್ಲೇ ಕೂತು ಕಲ್ಲಾಗಿರುತ್ತೆ. ಬೇರಿಂಗ್ ಮೇಲೆ ನಂಬರ್ ಕೆತ್ತಿರುತ್ತೆ, ಆ ನಂಬರ್ ಹೇಳಿದ್ರೆ ಜೆಸಿ ರೋಡಲ್ಲಿ ಹೊಸದು ಸಿಗುತ್ತೆ, ಕ್ರ್ಯಾಂಕ್‌ಗಾದ್ರೆ ಸಿ3 (ಒಳಗೆ ಸ್ವಲ್ಪ ಹೆಚ್ಚು ಸಂದು ಇರೋದು) ಅಂತ ಕೇಳಿ ತಗೊಳ್ಳಿ. ಕೆಟ್ಟೋಗದೇ ಇರೋದು, ಲೋಕಲ್ ಮಾಲಲ್ಲಿ ಚೆನ್ನಾಗಿ ಬರ್ದೇ ಇರೋದು ಯಾವುದೋ ಅದಕ್ಕೆ ದುಡ್ಡು ಹಾಕಿ, ಅಂದ್ರೆ ಗೇರ್ ಪಿನಿಯನ್‌ಗಳು, ಕಿಕ್ ಶಾಫ್ಟು, ಕ್ರ್ಯಾಂಕ್ ಕೇಸ್ ಜೋಡಿ, ಹಳೇ ಕಾರ್ಬೊರೇಟರ್ ಬಾಡಿ. ಸವೆದಿರ್ಲಿ, ಮೈಸೂರು ಸ್ಟೀಲು ಮೈಸೂರು ಸ್ಟೀಲೇ.

ಕಾರ್ಬೊರೇಟರ್ ಅಂದಾಗ ನೆನಪಾಯ್ತು, ಪೆಟ್ರೋಲ್. 2023ರ ಫೆಬ್ರವರಿಯಲ್ಲಿ ಇಲ್ಲೇ ಬೆಂಗಳೂರಲ್ಲೇ ಇ20 ಲಾಂಚ್ ಮಾಡಿದ್ರು, ನೂರಕ್ಕೆ ಇಪ್ಪತ್ತು ಭಾಗ ಎಥನಾಲ್, ಈಗ ಬಂಕಲ್ಲಿ ಸಿಗೋದೇ ಅದು. ಎಥನಾಲ್ ನೀರು ಎಳ್ಕೊಳ್ಳುತ್ತೆ, ಹಳೇ ರಬ್ಬರನ್ನ ಉಬ್ಬಿಸುತ್ತೆ. ದಿನಾ ಓಡಿಸಿದ್ರೆ ಅಷ್ಟು ಭಯ ಇಲ್ಲ, ನಿಲ್ಸೋದಾದ್ರೆ ಪೆಟ್ರೋಲ್ ಕಾಕ್ ಮುಚ್ಚಿ ಕಾರ್ಬೊರೇಟರ್ ಕೆಳಗಿನ ಪೆಟ್ರೋಲ್ ಬಟ್ಟಲು (ಫ್ಲೋಟ್ ಬೌಲ್) ಖಾಲಿ ಆಗೋ ತನಕ ಎಂಜಿನ್ ಓಡ್ಸಿ ನಿಲ್ಸಿ. ಟೂಟಿ ಆಯಿಲ್ (ಟೂ ಸ್ಟ್ರೋಕ್ ಗಾಡಿಗೆ ಪೆಟ್ರೋಲ್ ಜೊತೆ ಬೆರೆಸೋ ಎಣ್ಣೆ) ಲೀಟರ್ ಪೆಟ್ರೋಲಿಗೆ 40 ಎಂಎಲ್ ಹಾಕಿ, ಹೊಗೆ ಜಾಸ್ತಿ ಅಂತ ಕಮ್ಮಿ ಮಾಡೋಕೆ ಹೋಗ್ಬೇಡಿ. ಆದ್ರೆ ಬಿಳೀ ಹೊಗೆ ನಿಲ್ದೇ ಬರ್ತಿದ್ರೆ, ಗೇರ್ ಆಯಿಲ್ಲೂ ಕಮ್ಮಿ ಆಗ್ತಿದ್ರೆ, ಅದು ಕ್ಲಚ್ ಕಡೆ ಕ್ರ್ಯಾಂಕ್ ಸೀಲು ಹೋಗಿರೋದು, ಎಂಜಿನ್ ಗೇರ್ ಆಯಿಲ್ ಕುಡೀತಿದೆ. ಆ ಸೀಲು ಸಣ್ಣ ಐಟಮ್ಮು, ಅದಕ್ಕೆ ಫುಲ್ ಎಂಜಿನ್ ಮಾಡಿಸ್ಬೇಕು ಅಂದ್ರೆ ಒಪ್ಕೋಬೇಡಿ.

ವಿಂಟೇಜ್ ನಂಬರ್ ನಿಮಗೆ ಈಗ ಸಿಗಲ್ಲ. 2021ರಲ್ಲಿ ಬಂದ ರೂಲ್ ಪ್ರಕಾರ ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿರ್ಬೇಕು, ಅಂದ್ರೆ ನಿಮ್ಮ 84ರ ಗಾಡಿಗೆ 2034. ನಂಬರ್ ಪ್ಲೇಟಲ್ಲಿ ವಿಎ ಅಂತ ಬರೋ ವಿಂಟೇಜ್ ಸೀರೀಸ್ ಹೊಸದಾಗಿ ರಿಜಿಸ್ಟರ್ ಮಾಡಿಸೋರಿಗೆ, ಫೀಸು 20,000, ಈಗಾಗ್ಲೇ ರಿಜಿಸ್ಟರ್ ಆಗಿರೋದಕ್ಕೆ ಹಳೇ ನಂಬರನ್ನೇ ಉಳಿಸ್ಕೋಬೋದು. ಅಷ್ಟಕ್ಕೂ ವಿಂಟೇಜ್ ಅಂತ ಮಾಡಿಸಿದ್ರೆ ದಿನಾ ಓಡಿಸೋ ಹಂಗಿಲ್ಲ, ಎಕ್ಸಿಬಿಷನ್ನು ರ‍್ಯಾಲಿ ಇಂಥದಕ್ಕೆ ಮಾತ್ರ. ನೀವು ಮಾಡ್ಬೇಕಾಗಿರೋದು ಮಾಮೂಲಿ ಕೆಲಸ, ಐದೈದು ವರ್ಷಕ್ಕೆ ಆರ್‌ಟಿಓದಲ್ಲಿ ಗಾಡಿ ತೋರ್ಸಿ ಆರ್‌ಸಿ ರಿನೀವಲ್, ಗ್ರೀನ್ ಟ್ಯಾಕ್ಸು. ಆರ್‌ಸಿ ಇನ್ನೂ ತಂದೆಯವರ ಹೆಸರಲ್ಲಿದ್ರೆ ಅದನ್ನೂ ಈಗ್ಲೇ ಸರಿ ಮಾಡ್ಕೊಳ್ಳಿ.

ಇನ್ನು ನಿಮ್ಮ ಯಜಮಾನ್ರ ಹತ್ರ ಹೋಗಿ ಏನ್ ಕೇಳ್ಬೇಕು ಅಂದ್ರೆ. ಬೆಳಗ್ಗೆ ಹೋಗ್ಬೇಡಿ, ಮಧ್ಯಾಹ್ನ ಊಟ ಆದ್ಮೇಲೆ ಹೋಗಿ, ಗಾಡಿ ಓಡಿಸ್ಕೊಂಡೇ ಹೋಗಿ, ಜೊತೇಲಿ ಒಂದು ನೋಟ್‌ಬುಕ್ಕು. ಸಿಲಿಂಡರ್ ಎಷ್ಟು ಓವರ್‌ಸೈಜಲ್ಲಿದೆ (ಬೋರ್ ಮಾಡಿ ಮಾಡಿ ಮೂಲಕ್ಕಿಂತ ಎಷ್ಟು ದೊಡ್ಡದಾಗಿದೆ), ಯಾವ ಕಂಪನಿ ಪಿಸ್ಟನ್ನು, ಯಾರ ಲೇತಲ್ಲಿ ಆಗಿದ್ದು. ಕ್ರ್ಯಾಂಕ್ ಯಾವಾಗಾದ್ರೂ ಬಿಚ್ಚಿದಾರಾ. ಟೈಮಿಂಗು, ಪಾಯಿಂಟ್ ಗ್ಯಾಪು (ಕಿಡಿ ಹಾರಿಸೋ ಕಾಂಟ್ಯಾಕ್ಟ್ ಪಾಯಿಂಟ್‌ಗಳ ಸಂದು) ಎಷ್ಟಿಟ್ಟಿದಾರೆ, ಪುಸ್ತಕದಲ್ಲಿರೋದೇನಾ ಇಲ್ಲಾ ನಿಮ್ಮ ಗಾಡಿಗೆ ಅಂತ ಬದಲಾಯಿಸಿದಾರಾ. ವೈರಿಂಗಲ್ಲಿ ಯಾವ ಬಣ್ಣದ ವೈರ್ ಎಲ್ಲಿಗೆ ಹೋಗುತ್ತೆ, ಯಾಕಂದ್ರೆ 84ರ ವೈರಿಂಗ್ ಹಂಗೇ ಉಳ್ದಿರೋ ಗಾಡಿ ನಾನಂತೂ ನೋಡಿಲ್ಲ, ನಿಮ್ಮದ್ರಲ್ಲಿ ಅವರು ಏನೋ ಒಂದು ಜುಗಾಡ್ ಮಾಡೇ ಇರ್ತಾರೆ, ಅದು ಮುಂದಿನ ಮೆಕ್ಯಾನಿಕ್‌ಗೆ ಅರ್ಥ ಆಗಲ್ಲ. ಪೇಂಟರು, ಕ್ರೋಮ್‌ನವನು, ಸೀಟ್‌ನವನು, ಎಲ್ಲರ ಹೆಸರು ಜಾಗ ಬರ್ಕೊಳ್ಳಿ, ಸಾಧ್ಯ ಆದ್ರೆ ಅವರ ಎದುರಿಗೇ ಒಂದೊಂದು ಫೋನ್ ಮಾಡಿಸಿ, "ಇವರು ನಮ್ಮೋರು, ಬಂದ್ರೆ ನೋಡ್ಕೋ" ಅಂತ ಅವರ ಬಾಯಲ್ಲೇ ಹೇಳಿಸಿ. ನನಗೆ ಹಂಗೆ ಫೋನ್ ಬಂದಿರೋ ಕಸ್ಟಮರ್ಸ್ ಇದಾರೆ, ಅವರ ಸಿಲಿಂಡರ್ ಬಂದ್ರೆ ನಾನು ಕ್ಯೂ ನೋಡಲ್ಲ. ಫ್ರೀಯಾಗಿ ಕೇಳ್ಬೇಡಿ ಮತ್ತೆ. ಅವರ ಅರ್ಧ ದಿನಕ್ಕೆ ಒಂದು ಫುಲ್ ಸರ್ವಿಸ್‌ಗೆ ಕೊಡೋ ಅಷ್ಟು ಕೊಡಿ, ಬೇಡ ಅಂತಾರೆ, ಜೇಬಿಗೆ ಇಟ್ಟು ಬನ್ನಿ.

ಮುಂದೆ ಯಾರು ನೋಡ್ಕೋತಾರೆ ಅಂದ್ರೆ, ಮೊದಲು ಅವರ ಕೈಕೆಳಗಿದ್ದ ಹುಡುಗ ಎಲ್ಲಿಗೆ ಹೋಗ್ತಾನೆ ವಿಚಾರಿಸಿ, ಡೆಲಿವರಿ ಕೆಲಸಕ್ಕೆ ಹೋಗಿದ್ರೂ ಭಾನುವಾರ ಬಂದು ಮಾಡ್ಕೊಡ್ತಾನೆ. ಇಲ್ಲಾಂದ್ರೆ ಜುಲೈ ಎರಡನೇ ಭಾನುವಾರ ಜಾವಾ ಯೆಜ್ಡಿ ಡೇ ಅಂತ ಊರಲ್ಲಿ ಎಲ್ಲಾ ಸೇರ್ತಾರಲ್ಲ, ಅಲ್ಲಿಗೆ ಹೋಗಿ. ಫಳಫಳ ಹೊಳೀತಿರೋ ಗಾಡಿಗಳ ಹತ್ರ ಟೈಮ್ ವೇಸ್ಟ್ ಮಾಡ್ಬೇಡಿ, ಸೈಲೆನ್ಸರ್ ತುಕ್ಕು ಹಿಡ್ದಿದ್ರೂ ಒಂದೇ ಒದೆತಕ್ಕೆ ಸ್ಟಾರ್ಟ್ ಆಗೋ ಗಾಡಿ ಯಾವುದೋ ನೋಡಿ, ಅವನ ಮೆಕ್ಯಾನಿಕ್ ಯಾರು ಅಂತ ಕೇಳಿ.

ಯಜಮಾನ್ರನ್ನ ಕೇಳ್ಕೊಂಡ್ ಬಂದು ನಿಮ್ಮ ಸಿಲಿಂಡರ್ ಸೈಜ್ ಇಲ್ಲೇ ಬರೀರಿ. 0.50 ಒಳಗಿದ್ರೆ ಚಿಂತೆ ಬಿಡಿ. 1.00 ತನಕ ಹೋಗಿಬಿಟ್ಟಿದ್ರೆ ಮುಂದಿನ್ಸಲ ಸ್ಲೀವ್ (ಸಿಲಿಂಡರ್ ಒಳಗೆ ಕೂರಿಸೋ ಹೊಸ ಕೊಳವೆ) ಹಾಕ್ಬೇಕಾಗುತ್ತೆ, ಅದಕ್ಕೆ ಖರ್ಚು ಎಷ್ಟು, ಏನ್ ಮಟೀರಿಯಲ್ ಅಂತ ಆಗ ಹೇಳ್ತೀನಿ.