600 ಎಚ್‌ಪಿ ಇಟ್ಟರೂ ನನ್ನ ಪಿಕಪ್ ಸ್ಪರ್ಧೆಯಲ್ಲಿ ಯಾಕೆ ಹಿಂದೆ ಬೀಳುತ್ತಿದೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಆಟೋಮೇಷನ್ ಎಂಬ ಕಂಪ್ಯೂಟರ್ ಗೇಮ್‌ನಲ್ಲಿ ಕಾರ್ ಕಟ್ಟುವ ಆನ್‌ಲೈನ್ ಸ್ಪರ್ಧೆಗೆ ನೀವೊಂದು ಕಾಲ್ಪನಿಕ ಪಿಕಪ್ ಟ್ರಕ್ ಕಳಿಸಿದ್ದೀರಿ. 2005ರ ಮಾಡೆಲ್, ಹಿಂದಿನ ಚಕ್ರಗಳಿಗೆ ಮಾತ್ರ ಪವರ್, 600 ಎಚ್‌ಪಿ. ಆದರೂ ಅದರ ಅರ್ಧ ಪವರ್ ಇದ್ದ ಟ್ರಕ್‌ಗಳು ನಿಮಗಿಂತ ಮೇಲೆ ಬಂದಿವೆ. ಇನ್ನೆಷ್ಟು ಪವರ್ ಹಾಕಬೇಕು ಅಂತ ಕೇಳಿದ್ದೀರಿ.

ಪವರ್ ಇನ್ನು ಸಾಕು. ನಾನು ಇಂಥ ಸ್ಪರ್ಧೆಗಳಲ್ಲಿ ಆಡುತ್ತೇನೆ, ಕೆಲವು ಸಲ ತೀರ್ಪನ್ನೂ ಕೊಡುತ್ತೇನೆ. ಬರುವ ಪಿಕಪ್‌ಗಳಲ್ಲಿ ಬಹುಪಾಲು ಇಂಜಿನ್‌ನಿಂದ ಶುರುವಾಗಿರುತ್ತವೆ. ಪಿಕಪ್ ಶುರುವಾಗಬೇಕಾದದ್ದು ಹಿಂದಿನ ಆಕ್ಸಲ್‌ನಿಂದ. ಯಾಕೆಂದರೆ ಅದರ ಬೆಡ್, ಅಂದರೆ ಹಿಂದಿನ ಸರಕು ತೊಟ್ಟಿ, ಖಾಲಿ ಇರುತ್ತದೆ. ಇಂಜಿನ್, ಗೇರ್‌ಬಾಕ್ಸ್, ಕ್ಯಾಬಿನ್ ಎಲ್ಲವೂ ಮುಂದೆ. ನೀವು ಪವರ್ ಕೊಡುತ್ತಿರುವುದು ಹಿಂದಕ್ಕೆ, ಭಾರ ಕಡಿಮೆ ಇರುವ ಕಡೆಗೆ.

ಒಂದು ಲೆಕ್ಕ ಮಾಡೋಣ. ಟ್ರಕ್ 2000 ಕೆಜಿ ಇದೆ ಅಂದುಕೊಳ್ಳಿ. ನೂರರಲ್ಲಿ 58 ಪಾಲು ಭಾರ ಮುಂದೆ, 42 ಪಾಲು ಹಿಂದೆ. ಅಂದರೆ ಹಿಂದಿನ ಟೈರ್‌ಗಳ ಮೇಲೆ ನಿಂತಾಗ ಇರುವುದು 840 ಕೆಜಿ. ಭಾರದ ಕೇಂದ್ರ ನೆಲದಿಂದ 70 ಸೆಂಟಿಮೀಟರ್ ಮೇಲೆ, ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) 3.4 ಮೀಟರ್. ಆಕ್ಸಿಲರೇಟರ್ ಒತ್ತಿದಾಗ ಭಾರ ಸ್ವಲ್ಪ ಹಿಂದಕ್ಕೆ ಜರುಗುತ್ತದೆ, ಸುಮಾರು 190 ಕೆಜಿ. ಒಳ್ಳೆ ರಸ್ತೆ ಟೈರ್‌ನ ಹಿಡಿತ 0.9 ಅಂತ ಇಟ್ಟುಕೊಂಡರೆ, ಈ ಟ್ರಕ್ ಎಷ್ಟು ಒದ್ದಾಡಿದರೂ 0.46 ಜಿಗಿಂತ (ಗುರುತ್ವದ ವೇಗೋತ್ಕರ್ಷದ 0.46 ಪಟ್ಟು) ಜೋರಾಗಿ ಮುನ್ನುಗ್ಗಲಾರದು. ಅಂದರೆ ಸೊನ್ನೆಯಿಂದ 100 ಕಿಮೀಗೆ ಆರು ಸೆಕೆಂಡ್ ಬೇಕೇ ಬೇಕು. ಅಷ್ಟು ವೇಗೋತ್ಕರ್ಷಕ್ಕೆ 100 ಕಿಮೀ ವೇಗದಲ್ಲಿ ಚಕ್ರಕ್ಕೆ ಬೇಕಾಗುವುದು 340 ಎಚ್‌ಪಿ, ಇಂಜಿನ್‌ನಲ್ಲಿ ಸುಮಾರು 400. ಐವತ್ತು ಕಿಮೀ ವೇಗದಲ್ಲಾದರೆ ಅದರ ಅರ್ಧ ಸಾಕು. ನಿಮ್ಮ ಉಳಿದ 200 ಎಚ್‌ಪಿಗೆ 100 ಮುಟ್ಟುವ ತನಕ ಕೆಲಸವೇ ಇಲ್ಲ. ಟೈರ್ ಸುಮ್ನೆ ತಿರುಗುತ್ತದೆ, ಡ್ರೈವೆಬಿಲಿಟಿ (ಓಡಿಸಲು ಎಷ್ಟು ಸುಲಭ) ಅಂಕ ಬೀಳುತ್ತದೆ, ಆ ದೊಡ್ಡ ಇಂಜಿನ್‌ನ ತೂಕ ಮತ್ತು ಖರ್ಚು ಮಾತ್ರ ನಿಮ್ಮ ತಲೆ ಮೇಲೆ.

ಈಗ ಅದೇ ಟ್ರಕ್‌ನ ನಾಲ್ಕೂ ಚಕ್ರಕ್ಕೆ ಪವರ್ ಕೊಡಿ. ಪೂರ್ತಿ 2000 ಕೆಜಿ ಹಿಡಿತದ ಕೆಲಸಕ್ಕೆ ಬರುತ್ತದೆ. ಮಿತಿ ಹತ್ತಿರ ಹತ್ತಿರ ಎರಡು ಪಟ್ಟು ಮೇಲೇರುತ್ತದೆ. 1991ರ ಜಿಎಂಸಿ ಸೈಕ್ಲೋನ್ ಪಿಕಪ್ ಮಾಡಿದ್ದು ಇದನ್ನೇ. ಅದರದ್ದು 4.3 ಲೀಟರ್ ವಿ6, ಟರ್ಬೋ, ಬರೀ 280 ಎಚ್‌ಪಿ. ಟಾರ್ಕ್‌ನಲ್ಲಿ, ಅಂದರೆ ಚಕ್ರ ತಿರುಗಿಸುವ ಬಲದಲ್ಲಿ, 35 ಪಾಲು ಮುಂದಕ್ಕೆ, 65 ಪಾಲು ಹಿಂದಕ್ಕೆ. ಕಾರ್ ಅಂಡ್ ಡ್ರೈವರ್ ಪತ್ರಿಕೆ ಅದನ್ನು ಫೆರಾರಿ 348 ಸ್ಪೋರ್ಟ್ಸ್ ಕಾರಿನ ಪಕ್ಕ ನಿಲ್ಲಿಸಿ ಕಾಲು ಮೈಲಿ ಓಡಿಸಿತು, ಪಿಕಪ್ ಗೆದ್ದಿತು. ನಿಮ್ಮನ್ನು ಹಿಂದೆ ಹಾಕಿದ 300 ಎಚ್‌ಪಿ ಟ್ರಕ್‌ಗಳ ಡ್ರೈವ್‌ಟ್ರೇನ್ ಟ್ಯಾಬ್ ತೆರೆದು ನೋಡಿದರೆ ಬಹುಶಃ ಇದೇ ಕಾಣಿಸುತ್ತದೆ.

ಕೆಲವು ಸ್ಪರ್ಧೆಗಳ ನಿಯಮ ಹಿಂಬದಿ ಡ್ರೈವ್ ಮಾತ್ರ ಅನ್ನುತ್ತದೆ, ಅಥವಾ ನಿಮಗೇ ಅದು ಇಷ್ಟ ಇರಬಹುದು. ಆಗ ಸಿಗುವ ಹಿಡಿತವನ್ನು ಜೋಪಾನ ಮಾಡಬೇಕು. ಹಿಂದಿನ ಟೈರ್ ಅಗಲ ಮಾಡಿ. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಒಂದು ಚಕ್ರ ಜಾರಿದರೆ ಇನ್ನೊಂದಕ್ಕೂ ಬಲ ಕಳಿಸುವ ಸಾಧನ) ಹಾಕಿ. ಮೊದಲ ಗೇರ್ ಉದ್ದ ಮಾಡಿ, ಟ್ರಕ್ ಅಂತ ಮೊದಲ ಗೇರನ್ನು ತೀರಾ ಗಿಡ್ಡ ಇಡುವವರು ಜಾಸ್ತಿ. ಟಾರ್ಕ್ ಕರ್ವ್ ಚಪ್ಪಟೆಯಾಗಿರಲಿ. ದೊಡ್ಡ ಟರ್ಬೋ ಹಾಕಿ 3500 ಆರ್‌ಪಿಎಂನಲ್ಲಿ ಟಾರ್ಕ್ ದಿಢೀರನೆ ಮೇಲೇಳುವಂತೆ ಮಾಡಿದರೆ, ಹಗುರ ಹಿಂಬದಿ ಅದೇ ಕ್ಷಣಕ್ಕೆ ಕೈ ಬಿಡುತ್ತದೆ. ಟರ್ಬೋ ಇಲ್ಲದ ದೊಡ್ಡ ವಿ8 ಇಂಥ ಟ್ರಕ್‌ಗೆ ಎಷ್ಟೋ ವಾಸಿ.

ಸಸ್ಪೆನ್ಷನ್ ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯ ಇದೆ. ಹಿಂದೆ ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಮತ್ತು ಗಟ್ಟಿ ಆಕ್ಸಲ್ ಇಟ್ಟರೆ ತಪ್ಪೇನಿಲ್ಲ, ಅಗ್ಗ, ಭಾರ ಹೊರುತ್ತದೆ. ಆದರೆ ನಿಜವಾದ ಟ್ರಕ್‌ನಲ್ಲಿ ಜಾಸ್ತಿ ಟಾರ್ಕ್ ಬಂದಾಗ ಆಕ್ಸಲ್ ತಾನೇ ತಿರುಚಿಕೊಂಡು ಲೀಫ್ ಅನ್ನು ಎಸ್ ಆಕಾರಕ್ಕೆ ಬಗ್ಗಿಸುತ್ತದೆ. ಲೀಫ್ ವಾಪಸ್ ನೆಟ್ಟಗಾದಾಗ ಟೈರ್ ನೆಲ ಬಿಟ್ಟು ಕುಣಿಯುತ್ತದೆ. ಅದಕ್ಕೇ ಡ್ರ್ಯಾಗ್ ಓಡಿಸುವವರು ಆಕ್ಸಲ್‌ನಿಂದ ಮುಂದಕ್ಕೆ ಟ್ರ್ಯಾಕ್ಷನ್ ಬಾರ್ ಹಾಕುತ್ತಾರೆ. ನಿಮ್ಮ ಟ್ರಕ್‌ಗೆ ಲೀಫ್ ಇದ್ದರೆ ಆ ಬಾರ್ ಬಗ್ಗೆ ವಿವರಣೆಯಲ್ಲಿ ಒಂದು ಸಾಲು ಬರೆಯಿರಿ. ತೀರ್ಪುಗಾರನಿಗೆ ನೀವು ಯೋಚಿಸಿದ್ದು ಗೊತ್ತಾಗುತ್ತದೆ. ಬಜೆಟ್ ಒಪ್ಪಿದರೆ ಲೀಫ್ ಬದಲು ಕಾಯಿಲ್ ಸ್ಪ್ರಿಂಗ್ ಹಾಕಿ, ಕಂಫರ್ಟ್ ಮತ್ತು ಸ್ಪೋರ್ಟಿನೆಸ್ ಎರಡಕ್ಕೂ ಒಳ್ಳೆಯದು.

ಟಾಪ್ ಸ್ಪೀಡ್‌ಗೂ ಅಂಕ ಇದ್ದರೆ ಗಾಳಿಯ ಕಡೆ ನೋಡಿ. ಡಾಡ್ಜ್ ರಾಮ್ ಎಸ್‌ಆರ್‌ಟಿ-10 ಅಂತ ಪಿಕಪ್ ಇತ್ತು, ವೈಪರ್ ಕಾರಿನ 8.3 ಲೀಟರ್ ವಿ10, 500 ಎಚ್‌ಪಿ. 2004ರಲ್ಲಿ ಗಂಟೆಗೆ ಸುಮಾರು 249 ಕಿಮೀ ಓಡಿ ದಾಖಲೆ ಮಾಡಿತು. ಎರಡೇ ವರ್ಷದಲ್ಲಿ ಆಸ್ಟ್ರೇಲಿಯಾದ ಎಚ್‌ಎಸ್‌ವಿ ಮಾಲೂ 271 ಕಿಮೀ ದಾಟಿತು. ಅದರ ಪವರ್ ರಾಮ್‌ಗಿಂತ ಸುಮಾರು 100 ಎಚ್‌ಪಿ ಕಡಿಮೆ! ಅದು ಸೆಡಾನ್ ಕಾರಿನ ಅಡಿಪಾಯದ ಮೇಲೆ ಕಟ್ಟಿದ ಕುಳ್ಳ ಯೂಟ್ (ಕಾರಿನಂಥ ಪಿಕಪ್), ಗಾಳಿಗೆ ಎದುರಾಗುವ ಮುಖ ಚಿಕ್ಕದು. ರಾಮ್ ಎತ್ತರದ ಗೋಡೆ. ಗಾಳಿಯನ್ನು ಸೀಳಲು ಬೇಕಾದ ಪವರ್ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ, ಹಾಗಾಗಿ ಆ ವೇಗದಲ್ಲಿ ಎತ್ತರದ ಬಾಡಿಗೆ ನೂರು ಎಚ್‌ಪಿ ಒಂದು ಲೆಕ್ಕವೇ ಅಲ್ಲ. ಇನ್ನೊಂದು, ಟೇಲ್‌ಗೇಟ್ (ಬೆಡ್‌ನ ಹಿಂಬಾಗಿಲು) ಇಳಿಸಿ ಫೋಟೊ ತೆಗೆದು ‘ಗಾಳಿ ಸಲೀಸಾಗಿ ಹೋಗುತ್ತದೆ’ ಅಂತ ಬರೆಯಬೇಡಿ. ಮುಚ್ಚಿದಾಗ ಬೆಡ್ ಒಳಗೆ ಗಾಳಿ ಸುತ್ತುತ್ತ ನಿಲ್ಲುತ್ತದೆ, ಮೇಲಿನ ಗಾಳಿ ಅದರ ಮೇಲೆ ಜಾರಿ ಹೋಗುತ್ತದೆ. ಸಾಮಾನ್ಯವಾಗಿ ಟೇಲ್‌ಗೇಟ್ ಇಳಿಸಿದರೆ ಗಾಳಿಯ ಎಳೆತ ಹೆಚ್ಚೇ ಆಗುತ್ತದೆ. ಬೆಡ್ ಮೇಲೆ ಮುಚ್ಚಳ ಹಾಕಿದರೆ ಲಾಭ.

ಇದೆಲ್ಲಾ ಸರಿ, ಆದರೆ ಅದು ಪಿಕಪ್ ಆಗಿ ಉಳಿಯಬೇಕು ಅಲ್ವಾ? ಯುಟಿಲಿಟಿ ಅಂಕ ಇದಕ್ಕೇ. ಸೈಕ್ಲೋನ್‌ನ ಬೆಡ್‌ಗೆ ಕಂಪನಿಯೇ 500 ಪೌಂಡ್ ಮಿತಿ ಹಾಕಿತ್ತು, 227 ಕೆಜಿ. ಅಂದರೆ ದೊಡ್ಡವರು ಮೂವರ ತೂಕ. ವೇಗದ ಬೆಲೆ ಅದು. ನಿಮ್ಮ ಟ್ರಕ್ ಆ ಬೆಲೆ ತೆರುತ್ತದೆಯೋ ಇಲ್ಲವೋ ಎನ್ನುವುದನ್ನು ಮೊದಲೇ ತೀರ್ಮಾನಿಸಿ. ನಡುಮಧ್ಯೆ ನಿಂತ ಟ್ರಕ್ ಯಾರಿಗೂ ಹಿಡಿಸುವುದಿಲ್ಲ. ಸ್ಪ್ರಿಂಗ್ ಎಷ್ಟು ಗಟ್ಟಿ, ನೆಲದಿಂದ ಎಷ್ಟು ಎತ್ತರ, ಎಲ್ಲವೂ ಈ ಒಂದು ತೀರ್ಮಾನದ ಹಿಂದೆ ಬರುತ್ತವೆ.

ಬಾಡಿ ಮಾಡುವಾಗ ಒಂದು ಸಣ್ಣ ವಿಷಯಕ್ಕೆ ನಾನು ತುಂಬ ಬೆಲೆ ಕೊಡುತ್ತೇನೆ: ಕ್ಯಾಬ್ ಮತ್ತು ಬೆಡ್ ನಡುವಿನ ಸಂದು. ಲ್ಯಾಡರ್ ಚಾಸಿ (ಏಣಿಯಂಥ ಅಡಿ ಚೌಕಟ್ಟು) ರಸ್ತೆ ಮೇಲೆ ತಿರುಚಿಕೊಳ್ಳುತ್ತದೆ, ಎರಡೂ ಒಂದಕ್ಕೊಂದು ತಾಗದಿರಲಿ ಅಂತಲೇ ಆ ಸಂದು ಬಿಟ್ಟಿರುತ್ತಾರೆ. ಮೊನೊಕಾಕ್ (ಬಾಡಿಯೇ ಚೌಕಟ್ಟಾಗಿರುವ) ಯೂಟ್‌ನಲ್ಲಿ ಆ ಸಂದು ಇರುವುದಿಲ್ಲ, ಪಕ್ಕದ ತಗಡು ಬಾಗಿಲಿನಿಂದ ಹಿಂದಿನ ತನಕ ಒಂದೇ ಆಗಿ ಹರಿಯುತ್ತದೆ. ಚಾಸಿ ಟ್ಯಾಬ್‌ನಲ್ಲಿ ಲ್ಯಾಡರ್ ಆರಿಸಿ ಬಾಡಿಯಲ್ಲಿ ಸಂದು ಮುಚ್ಚಿದ್ದರೆ ನನ್ನ ಕಣ್ಣಿಗೆ ತಕ್ಷಣ ಚುಚ್ಚುತ್ತದೆ. ಅದೇ ರೀತಿ, ಹಿಂದಿನ ಚಕ್ರದ ಆಚೆ ಬೆಡ್ ಉದ್ದಕ್ಕೆ ಚಾಚಿರಬಾರದು. ಲೋಡ್ ಆಕ್ಸಲ್‌ಗಿಂತ ಹಿಂದೆ ಕೂತರೆ ಮುಂದಿನ ಚಕ್ರ ಹಗುರವಾಗುತ್ತದೆ.

ಕಥೆಯನ್ನೂ ಮರೆಯಬೇಡಿ. ಒಳ್ಳೆ ಕಥೆ ಆ ಕಾಲದ ನಿಯಮದಿಂದ ಹುಟ್ಟುತ್ತದೆ. 1978ರಲ್ಲಿ ಅಮೆರಿಕದ ಕಾರ್‌ಗಳೆಲ್ಲ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧಿ ಮಾಡುವ ಸಾಧನ) ಹೊತ್ತು ಸೊರಗಿದ್ದಾಗ, ಸರಕು ಸಮೇತ ತೂಕದಲ್ಲಿ 6000 ಪೌಂಡ್ ವರ್ಗ ದಾಟಿದ ಟ್ರಕ್‌ಗಳಿಗೆ ವಿನಾಯಿತಿ ಇತ್ತು. ಡಾಡ್ಜ್ ಅದೇ ಕಿಂಡಿಯಲ್ಲಿ ನುಗ್ಗಿ ಲಿಲ್ ರೆಡ್ ಎಕ್ಸ್‌ಪ್ರೆಸ್ ತಂದಿತು, ಕ್ಯಾಬ್ ಹಿಂದೆ ಎರಡು ಹೊಗೆ ಕೊಳವೆ ನೆಟ್ಟಗೆ ನಿಲ್ಲಿಸಿ. ನಿಮ್ಮ ಕಾಲ್ಪನಿಕ ಕಂಪನಿ 2005ರಲ್ಲಿ ಈ ಇಂಜಿನ್ ಯಾಕೆ ಹಾಕಿತು? ಗೇಮ್‌ನಲ್ಲಿ ಫ್ಯಾಮಿಲಿ ಇಯರ್ (ಇಂಜಿನ್‌ನ ಮೂಲ ವಿನ್ಯಾಸದ ವರ್ಷ) 1990ರ ದಶಕದ್ದು ಇಟ್ಟು, ವೇರಿಯಂಟ್ ಇಯರ್ (ಅದರ ಈ ರೂಪದ ವರ್ಷ) 2005 ಕೊಡಿ. ಹಳೆಯ ಎರಕದ ಕಬ್ಬಿಣದ ಬ್ಲಾಕ್‌ಗೆ ಹೊಸ ಹೆಡ್ ಹಾಕಿದ ಕಂಪನಿ ಅನ್ನಿಸುತ್ತದೆ, ನಂಬುವಂತಿರುತ್ತದೆ.

ಕಳಿಸುವ ಮುಂಚೆ ಬೀಮ್‌ಎನ್‌ಜಿ ಎಂಬ ಡ್ರೈವಿಂಗ್ ಗೇಮ್‌ಗೆ ಎಕ್ಸ್‌ಪೋರ್ಟ್ ಮಾಡಿ ಓಡಿಸಿ. ನೇರ ರಸ್ತೆಯಲ್ಲಿ ಅಲ್ಲ, ತಿರುವಿಗೆ ಹೋಗುತ್ತಾ 100 ಕಿಮೀ ವೇಗದಿಂದ ಜೋರಾಗಿ ಬ್ರೇಕ್ ಹಿಡಿಯಿರಿ. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ಹೋಗಿ, ಮೊದಲೇ ಹಗುರವಾಗಿದ್ದ ಹಿಂಬದಿ ಇನ್ನಷ್ಟು ಹಗುರವಾಗುತ್ತದೆ. ಬಾಲ ಪಕ್ಕಕ್ಕೆ ಬಂದರೆ ಹಿಂದಿನ ಬ್ರೇಕ್ ಬಲ ಇಳಿಸಿ, ಚಿಕ್ಕ ಡಿಸ್ಕ್ ಆದರೂ ಪರವಾಗಿಲ್ಲ. ಮುಂದಿನದ್ದನ್ನು ದೊಡ್ಡದು ಮಾಡಿ.

ಮುಂದಿನ ಟ್ರಕ್‌ನ ತೂಕ, ವೀಲ್‌ಬೇಸ್, ಹಿಂದಿನ ಟೈರ್ ಅಗಲ ಇಷ್ಟನ್ನು ಕೆಳಗೆ ಬರೆಯಿರಿ. ಮೊದಲ ಗೇರ್ ಎಷ್ಟಿರಬೇಕು ಅಂತ ಒಟ್ಟಿಗೆ ಲೆಕ್ಕ ಹಾಕೋಣ.