ಅಜ್ಜಿಯ ಮಲ್ಲಮ್ಮ, ಅಮ್ಮನ ಮಲ್ಲಿಗೆ

ಪ್ರಶ್ನೆ: ನಮ್ಮದು ಬಾಗಲಕೋಟೆ ಜಿಲ್ಲೆ. ಈಗ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೇವೆ. ಕೆಲಸದ ವೀಸಾ, ಇಬ್ಬರದೂ ಭಾರತದ ಪಾಸ್‌ಪೋರ್ಟ್. ಮಗಳು ಹುಟ್ಟಿ ಮೂರು ವಾರವಾಯಿತು. ಅವಳಿಗೆ ‘ಮಲ್ಲಿಗೆ’ ಎಂದು ಹೆಸರಿಡಬೇಕೆಂಬುದು ನನ್ನ ಆಸೆ. ಅತ್ತೆಯವರಿಗೆ ತೀರಿಹೋದ ತಮ್ಮ ಅತ್ತೆ ಮಲ್ಲಮ್ಮನವರ ಹೆಸರೇ ಬೇಕು. ಎರಡೂ ಇಲ್ಲಿಯವರ ಬಾಯಿಗೆ ಬರುವುದಿಲ್ಲ, ‘ಜಾಸ್ಮಿನ್’ ಎಂದಿಡೋಣ, ಅದೂ ಮಲ್ಲಿಗೆಯೇ ತಾನೆ ಎನ್ನುತ್ತಾರೆ ನಮ್ಮ ಯಜಮಾನರು. ಅತ್ತೆ ಫೋನು ಮಾಡುವುದನ್ನೇ ಬಿಟ್ಟಿದ್ದಾರೆ. ಏನು ಮಾಡಲಿ?

ಉತ್ತರ: ತಂಗಿ, ನೀವೂ ಅತ್ತೆಯವರೂ ಒಂದೇ ಬಳ್ಳಿಯ ಎರಡು ಕುಡಿ ಹಿಡಿದು ಎಳೆಯುತ್ತಿದ್ದೀರಿ. ಅದನ್ನು ಮೊದಲು ಅವರಿಗೆ ಹೇಳಿ.

‘ಮಲ್ಲಿಕಾ’ ಸಂಸ್ಕೃತದ ಹೆಸರು. ಅಮರಕೋಶ ಇದೇ ಹೂವನ್ನು ‘ಶೀತಭೀರು’ ಎಂದೂ ಕರೆಯುತ್ತದೆ, ಅಂದರೆ ಚಳಿಗೆ ಅಂಜುವವಳು. ಬೇಸಿಗೆಯಲ್ಲಿ ಬಿರಿಯುವ ಹೂವಿಗೆ ಎಷ್ಟು ಒಪ್ಪುವ ಮಾತು! ಕನ್ನಡಕ್ಕೆ ಬರುವಾಗ ಕೊನೆಯ ‘ಆ’ ‘ಎ’ ಆಗುತ್ತದೆ (ಸೀತಾ ಸೀತೆಯಾದಂತೆ), ‘ಕ’ ‘ಗ’ಕ್ಕೆ ತಿರುಗುತ್ತದೆ. ಚಂಪಕ ಸಂಪಿಗೆಯಾದ ಹಾಗೆ ಮಲ್ಲಿಕಾ ಮಲ್ಲಿಗೆಯಾಯಿತು ಎಂಬುದು ನಮ್ಮ ವ್ಯಾಕರಣದ ಲೆಕ್ಕ. ಹೆಣ್ಣುಮಕ್ಕಳ ಹೆಸರಾಗಿಯೂ ಇದು ಹಳೆಯದು. ಕೋಸಲದ ರಾಜ ಪ್ರಸೇನಜಿತನ ರಾಣಿ ಮಲ್ಲಿಕಾ ಬುದ್ಧನ ಉಪಾಸಕಿ. ಬೌದ್ಧ ಗ್ರಂಥಗಳಲ್ಲಿ ಅವಳು ಹೂಮಾಲೆ ಕಟ್ಟುವವನ ಮಗಳು.

ಇನ್ನು ಮಲ್ಲಮ್ಮ. ‘ಮಲ್ಲ’ ಎಂದರೆ ಜಟ್ಟಿ ಎಂಬ ಅರ್ಥವೂ ಉಂಟು, ನಿಜ. ಆದರೆ ನಿಮ್ಮ ಸೀಮೆಯಲ್ಲಿ ಮಲ್ಲವ್ವ, ಮಲ್ಲಪ್ಪ, ಮಲ್ಲೇಶಿ ಎಂದು ಹೆಸರಿಡುವವರ ಮನಸ್ಸಿನಲ್ಲಿರುವುದು ಶ್ರೀಶೈಲದ ಮಲ್ಲಯ್ಯ. ಮಲ್ಲಯ್ಯನೆಂದರೆ ಮಲ್ಲಿಕಾರ್ಜುನ, ಆ ಹೆಸರಿನ ಮೊದಲಲ್ಲೇ ಮಲ್ಲಿಕಾ ಇದ್ದಾಳೆ. ಹೇಮರೆಡ್ಡಿ ಮಲ್ಲಮ್ಮ ಒಲಿದದ್ದು ಆ ದೇವರಿಗೆ, 12ನೇ ಶತಮಾನದ ಅಕ್ಕಮಹಾದೇವಿಯ ಅಂಕಿತ ಚೆನ್ನಮಲ್ಲಿಕಾರ್ಜುನ. ಇಷ್ಟನ್ನು ಅತ್ತೆಯವರ ಮುಂದೆ ಸಮಾಧಾನದಿಂದ ಬಿಡಿಸಿಟ್ಟರೆ ನಿಮ್ಮ ಮಲ್ಲಿಗೆ ಅವರಿಗೆ ಪರಕೀಯ ಅನ್ನಿಸುವುದಿಲ್ಲ.

ಜಾಸ್ಮಿನ್ ಬೇರೆ ಬೇರಿನದು. ಪರ್ಷಿಯನ್ನಿನ ‘ಯಾಸಮೀನ್’ ಅರಬ್ಬಿ, ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದ ರೂಪ. ಹೆಸರು ಚೆಂದವೇ, ಆದರೆ ಅದರಲ್ಲಿ ಅಜ್ಜಿಯೂ ಇಲ್ಲ, ಶ್ರೀಶೈಲವೂ ಇಲ್ಲ. ಅದನ್ನು ಬಿಡಿ ಎಂದೇ ಹೇಳುತ್ತೇನೆ.

ಹಾಗೆಂದು ಯಜಮಾನರ ಅಳುಕನ್ನು ತಳ್ಳಿಹಾಕಬೇಡಿ. ಮಲ್ಲಿಗೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಕೊನೆಗೆ ‘ಜಿ–ಇ’ ಬರುತ್ತದೆ. ಇಂಗ್ಲಿಷ್ ಕಣ್ಣಿಗೆ ಅದು ವಿಲೇಜ್, ಕಾಲೇಜ್ ಇದ್ದಂತೆ. ಶಾಲೆಯ ಹಾಜರಿಯಲ್ಲಿ ನಿಮ್ಮ ಮಗಳು ದಿನವೂ ‘ಮ್ಯಾಲಿಜ್’ ಆಗುತ್ತಾಳೆ. ಒಂದು ‘ಎಲ್’ ಬಿಟ್ಟುಹೋದರೆ ಕನ್ನಡಿಗರೇ ಮಳಿಗೆ ಅಥವಾ ಮಾಳಿಗೆ ಎಂದು ಓದುತ್ತಾರೆ. ಮಲ್ಲಿಕಾ ಎಂದರೆ ಈ ತೊಡಕಿಲ್ಲ. ಇಂಗ್ಲೆಂಡಿನವರೂ ಹೆಚ್ಚುಕಡಿಮೆ ಸರಿಯಾಗಿಯೇ ಕರೆಯುತ್ತಾರೆ. ಎಚ್ಚರ ಬೇಕಾದದ್ದು ಅಲ್ಲಿಯೂ ‘ಎಲ್’ ವಿಷಯದಲ್ಲೇ: ಒಂದೇ ‘ಎಲ್’ ಇದ್ದರೆ ಅದು ಅರಬ್ಬಿಯ ‘ಮಲಿಕಾ’, ರಾಣಿ ಎಂದರ್ಥ. ಒಳ್ಳೆಯ ಹೆಸರು, ಆದರೆ ಹೂವಲ್ಲ.

ಆದ್ದರಿಂದ ನನ್ನ ಸಲಹೆ: ಕಾಗದದಲ್ಲಿ ಮೊದಲ ಹೆಸರು ಮಲ್ಲಿಕಾ, ಎರಡನೆಯದು ಮಲ್ಲಮ್ಮ, ಆಮೇಲೆ ನಿಮ್ಮ ಅಡ್ಡಹೆಸರು. ಮನೆಯಲ್ಲಿ ಕರೆಯುವುದಕ್ಕೆ ಮಲ್ಲಿಗೆ. ಇಂಗ್ಲೆಂಡಿನಲ್ಲಿ ನಡುವೆ ಇನ್ನೊಂದು ಹೆಸರಿರುವುದು ತೀರ ಸಹಜ, ಯಾರೂ ಪ್ರಶ್ನಿಸುವುದಿಲ್ಲ. ತೊಟ್ಟಿಲಿಗೆ ಹಾಕುವ ದಿನ ಮೊದಲು ಮಲ್ಲಮ್ಮ ಎಂದೇ ಕಿವಿಯಲ್ಲಿ ಹೇಳಿಸಿ, ಆಮೇಲೆ ಉಳಿದೆರಡು. ಸೋದರತ್ತೆ ಊರಲ್ಲಿದ್ದರೆ ವಿಡಿಯೊ ಕರೆಯಲ್ಲಾದರೂ ಆ ಹೆಸರನ್ನು ಅವರ ಬಾಯಿಂದಲೇ ಕೂಗಿಸಿ, ಅತ್ತೆಯವರನ್ನು ಎದುರಿಗೆ ಕೂರಿಸಿ. ಅವರಿಗೆ ಬೇಕಾಗಿರುವುದು ತಮ್ಮ ಅತ್ತೆಯ ಹೆಸರು ತೊಟ್ಟಿಲಲ್ಲಿ ಕೇಳಿಸಬೇಕು ಎಂಬುದು ಅಂತ ನನಗನ್ನಿಸುತ್ತದೆ. ಜನ್ಮನಕ್ಷತ್ರದ ಅಕ್ಷರ ‘ಮ’ ಅಲ್ಲದಿದ್ದರೆ ಅದಕ್ಕೊಂದು ಜನ್ಮನಾಮವನ್ನು ಬೇರೆಯಾಗಿ ಇಟ್ಟರಾಯಿತು.

ಈಗ ಗಡುವಿನ ಮಾತು. ಇಂಗ್ಲೆಂಡಿನಲ್ಲಿ ಹುಟ್ಟಿದ 42 ದಿನಗಳೊಳಗೆ ಜನನ ನೋಂದಣಿ ಆಗಲೇಬೇಕು, ನಿಮಗೆ ಉಳಿದಿರುವುದು ಇನ್ನು ಮೂರು ವಾರ. ನೋಂದಣಿಯಾದ 12 ತಿಂಗಳೊಳಗೆ ಮೊದಲ ಹೆಸರನ್ನು ಬದಲಿಸಲು ಅವಕಾಶವಿದೆ. ಹಾಗೆಂದು ಏನೋ ಒಂದು ಬರೆಸಿ ಆಮೇಲೆ ನೋಡೋಣ ಅನ್ನಬೇಡಿ. ನೀವು ಭಾರತೀಯ ನಾಗರಿಕರಾದ್ದರಿಂದ ಹುಟ್ಟಿದ ಒಂದು ವರ್ಷದೊಳಗೆ ಭಾರತದ ದೂತಾವಾಸದಲ್ಲೂ ಜನನವನ್ನು ದಾಖಲಿಸಬೇಕು. ಅಲ್ಲಿ ತೋರಿಸುವುದು ಇದೇ ಪ್ರಮಾಣಪತ್ರ. ಅದರಲ್ಲಿ ‘ಮಲ್ಲಿಕಾ ಮಲ್ಲಮ್ಮ’ ಎಂದಿದ್ದರೆ ಪಾಸ್‌ಪೋರ್ಟ್, ವಿಮಾನದ ಟಿಕೆಟ್, ಶಾಲೆ, ಮುಂದೆ ಬ್ಯಾಂಕು, ಎಲ್ಲ ಕಡೆ ಎರಡನ್ನೂ ಬರೆಯಿರಿ. ಒಂದು ಕಡೆ ಬರೆದು ಇನ್ನೊಂದು ಕಡೆ ಬಿಟ್ಟರೆ ಇಬ್ಬರು ಬೇರೆ ಬೇರೆ ಮಕ್ಕಳಂತೆ ಕಾಣುತ್ತದೆ. ಸಂಖ್ಯಾಶಾಸ್ತ್ರದ ಮಾತು ಕೇಳಿ ಕೊನೆಯಲ್ಲಿ ಇನ್ನೊಂದು ‘ಎ’ ಸೇರಿಸಿದರೂ ಇದೇ ಪಾಡು.

ನೋಂದಣಾಧಿಕಾರಿ ಸಹಿಗೆ ಮುಂಚೆ ಬರೆದದ್ದನ್ನು ತೋರಿಸುತ್ತಾರೆ. ಅವಸರ ಮಾಡದೆ ಎಂ, ಎ, ಎಲ್, ಎಲ್, ಐ, ಕೆ, ಎ ಎಂದು ಬೆರಳಿಟ್ಟು ಓದಿ. ಮಲ್ಲಮ್ಮನಲ್ಲಿ ಎರಡು ‘ಎಲ್’, ಆಮೇಲೆ ಎರಡು ‘ಎಂ’. ಸಹಿಯಾದ ಮೇಲೆ ತಿದ್ದಿಸಲು ಅರ್ಜಿ, ಶುಲ್ಕ, ದಾಖಲೆ ಎಲ್ಲವೂ ಬೇಕು.